ನೀನು ಬರುವ ದೋಣಿ

ಲೆಸ್ಟೆರ್, ಕರಿಯಾಕು ದ್ವೀಪ
13 ಸೆಪ್ಟೆಂಬರ್ 1987

ಆಷ್ಟನ್,

'ಸುಖವಾಗಿ ತಲುಪಿದೆವು' ಎಂದು ಬರೆದ ಕಾರ್ಡು ನಿನಗೆ ಸಿಕ್ಕಿರಬೇಕು. ಅದನ್ನು ಹರಿದು ಹಾಕು. ಬರೆಯುವಾಗ ನಿಮ್ಮಮ್ಮ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಈಗ ಅವರು ಚರ್ಚಿಗೆ ಹೋಗಿದ್ದಾರೆ, ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ಆದ್ದರಿಂದ ಇದು ನಿಜವಾದ ಕಾಗದ.

ಗ್ರೆನಡಾದಿಂದ ಇಲ್ಲಿಗೆ ದೋಣಿಯಲ್ಲಿ ಬರುವಾಗ ಡೆಸ್ಮಂಡ್ ನನ್ನ ಮಡಿಲ ತುಂಬ ವಾಂತಿ ಮಾಡಿದ. ಲೋರ್ನಾ ನಮ್ಮಿಬ್ಬರ ಕಡೆಗೆ ಬೆನ್ನು ಹಾಕಿ ಕೂತಳು. ಹಾಗೆ ತಿರುಗಿಸಿದ ಮುಖ ಇನ್ನೂ ಈ ಕಡೆ ತಿರುಗಿಲ್ಲ. ಹದಿನಾಲ್ಕು ವರ್ಷದ ಹುಡುಗಿ, ಹಡ್ಡರ್ಸ್‌ಫೀಲ್ಡಿನಲ್ಲಿ ಬಾಯಿ ಮುಚ್ಚಿಸಲು ಬೇಡಿಕೊಳ್ಳಬೇಕಿತ್ತು. ಇಲ್ಲಿ ಉಪ್ಪು ಬೇಕಾದರೂ ಬೆರಳು ತೋರಿಸುತ್ತಾಳೆ. ಶಾಲೆಯ ಹುಡುಗಿಯರು ಅವಳಿಗೆ 'ಲಂಡನ್ ರೇಡಿಯೋ' ಎಂದು ಹೆಸರಿಟ್ಟಿದ್ದಾರಂತೆ. "ರೇಡಿಯೋ ಆನ್ ಮಾಡ್ರೇ, ಇವತ್ತು ಹವಾಮಾನ ಹೇಗಿದೆ ಅಂತ ಹೇಳಲಿ" ಎನ್ನುತ್ತಾರಂತೆ. ಇದನ್ನು ಹೇಳಿದ್ದು ಅವಳಲ್ಲ, ಡೆಸ್ಮಂಡ್.

ಅವನ ಕಥೆ ಕೇಳು. ಹೆಡ್‌ಮಾಸ್ಟರರ ಮುಂದೆ ಜೇಬಿನಲ್ಲಿ ಕೈ ಇಟ್ಟುಕೊಂಡು ಉತ್ತರ ಹೇಳಿದನೆಂದು ಚರ್ಮದ ಪಟ್ಟಿಯಲ್ಲಿ ಹೊಡೆದಿದ್ದಾರೆ. ಏಳು ವರ್ಷದ ಮಗುವಿಗೆ. ತೊಡೆಯ ಮೇಲೆ ಬಾಸುಂಡೆ. ನಾನು ಕಿರುಚಿದೆ. ನಿಮ್ಮಮ್ಮ ತೊಗರಿಕಾಯಿ ಸುಲಿಯುತ್ತ ತಲೆಯನ್ನೂ ಎತ್ತದೆ, "ನಿನ್ನ ಗಂಡನಿಗೂ ಬಿದ್ದಿದ್ವು. ಸತ್ತನಾ?" ಎಂದರು.

ಇಲ್ಲಿ ನಲ್ಲಿ ಇಲ್ಲ. ಮಳೆನೀರಿನ ತೊಟ್ಟಿ ಇದೆ, ಅದರ ಬೀಗದ ಕೈ ನಿಮ್ಮಮ್ಮನ ಸೊಂಟದಲ್ಲಿ ಇಲ್ಲದಿದ್ದರೂ ಕಣ್ಣಿನಲ್ಲಿದೆ. ನಾನು ಬಕೆಟ್ಟು ಎತ್ತಿದ ಕೂಡಲೇ ಕೆಮ್ಮು ಶುರುವಾಗುತ್ತದೆ.

ನಾನು ಇಲ್ಲಿಗೆ ಬರಬೇಕೆಂದು ಯಾವತ್ತೂ ಕೇಳಿದವಳಲ್ಲ. ಆರನೇ ವಯಸ್ಸಿಗೆ ಜಮೈಕಾದಿಂದ ಇಂಗ್ಲೆಂಡಿಗೆ ಬಂದ ನನಗೆ ಒಂದು ಸಲ ದೇಶ ಬಿಟ್ಟದ್ದೇ ಸಾಕಾಗಿತ್ತು. 'ಮಕ್ಕಳು ಬಿಸಿಲಲ್ಲಿ ಬೆಳೆಯಲಿ, ಅವರನ್ನು ಯಾರೂ ಬಣ್ಣ ನೋಡಿ ಕೂಗದ ಊರಲ್ಲಿ ಬೆಳೆಯಲಿ' ಎಂದವನು ನೀನು. ನಾನು ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದೆ, ಅದನ್ನು ಬಿಟ್ಟೆ. 'ಮನೆ ಮಾರಿ ಅಕ್ಟೋಬರ್ ಕೊನೆಗೆ ಬರುತ್ತೇನೆ' ಎಂದವನೂ ನೀನೇ. ಬಾ. ಬಂದು ನೀರು ಎತ್ತು.

ನಿನ್ನ
ಮರ್ಲ್


ಹಡ್ಡರ್ಸ್‌ಫೀಲ್ಡ್
2 ಅಕ್ಟೋಬರ್ 1987

ನನ್ನ ಚಿನ್ನ ಮರ್ಲ್,

ನಿನ್ನ ಕಾಗದವನ್ನು ಡಿಪೋದಲ್ಲಿ ಓದಿದೆ. ಓದಿದವನು ಬಸ್ಸನ್ನು ಒಂದು ಸ್ಟಾಪು ಮುಂದಕ್ಕೆ ಒಯ್ದು ನಿಲ್ಲಿಸಿದೆ, ಮುದುಕಿಯರಿಂದ ಉಗಿಸಿಕೊಂಡೆ. ನಿನ್ನ ಕೈಯಲ್ಲಿ ಸಾಲದೆಂದು ಅವರ ಕೈಯಲ್ಲೂ!

ಅಮ್ಮನ ಬಾಯಿ ಹಾಗೇ. ಅವಳು ಕೆಮ್ಮಿದರೆ ನೀನೂ ಕೆಮ್ಮು. ಮೊದಲ ತಿಂಗಳು ಯಾರಿಗಾದರೂ ಕಷ್ಟ. ಡೆಸ್ಮಂಡ್‌ಗೆ ಜೇಬಿನಿಂದ ಕೈ ತೆಗೆಯಲು ಹೇಳು. ಲೋರ್ನಾಗೆ ಹೇಳು, ಅಪ್ಪ ಬಂದ ಮೇಲೆ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಾನೆ ಅಂತ. ಆಗ ರೇಡಿಯೋ ಗೀಡಿಯೋ ಎಲ್ಲ ಮರೆತುಹೋಗುತ್ತದೆ.

ಮನೆ ನೋಡಲು ಬಂದ ದಂಪತಿಗೆ ಅಡುಗೆಮನೆ ಇಷ್ಟವಾಗಲಿಲ್ಲ. ಹಾಗಾಗಿ ಅಕ್ಟೋಬರ್ ಆಗುವುದಿಲ್ಲ. ಕ್ರಿಸ್‌ಮಸ್ಸಿಗೆ ಮುಂಚಿನ ಶನಿವಾರದ ದೋಣಿಯಲ್ಲಿ ನಾನಿರುತ್ತೇನೆ. ಇದು ಖಂಡಿತ. ಅಮ್ಮನಿಗೆ ಮೇಕೆ ಕಟ್ಟಿಡಲು ಹೇಳು.

ಬೆಳಿಗ್ಗೆ ಎದ್ದ ಕೂಡಲೇ ನನ್ನ ಪರವಾಗಿ ಸಮುದ್ರ ನೋಡು. ಇಲ್ಲಿ ನನ್ನ ಕಿಟಕಿಯಲ್ಲಿ ಕಾಣುವುದು ಪಕ್ಕದ ಮನೆಯ ಕಸದ ಡಬ್ಬಿ ಮಾತ್ರ.

ನಿನ್ನ
ಆಷ್ಟನ್


ಲೆಸ್ಟೆರ್
9 ನವೆಂಬರ್ 1987

ಆಷ್ಟನ್,

ಸಮುದ್ರ ನೋಡಿದೆ. ಇದೆ. ಇನ್ನೇನು?

ನಿನ್ನ ಮಾತಿನಂತೆ ಡೆಸ್ಮಂಡ್ ಜೇಬಿನಿಂದ ಕೈ ತೆಗೆದ. ಈ ಸಲ ಬಿದ್ದದ್ದು ಏಕೆ ಗೊತ್ತೇ? ಹೆಡ್‌ಮಾಸ್ಟರರ ಪ್ರಶ್ನೆ ಅರ್ಥವಾಗದೆ "ಏನು?" ಎಂದನಂತೆ. "ಏನು ಸರ್" ಎನ್ನಬೇಕಿತ್ತಂತೆ. ನಾನು ಬಟ್ಟೆ ಕೂಡ ಬದಲಿಸದೆ ಹೊರಟೆ. ನಿಮ್ಮಮ್ಮ ಅಂಗಳದಲ್ಲಿ ಅಡ್ಡ ನಿಂತರು.

"ಎಲ್ಲಿಗೆ ಹೊರಟಿ, ಇಂಗ್ಲಿಷ್ ಮೇಡಮ್ಮು?"

"ಶಾಲೆಗೆ. ಆ ಮನುಷ್ಯನ ಕೈಯಿಂದ ಪಟ್ಟಿ ಕಿತ್ಕೊಂಡು ಬರೋಕೆ."

"ಊರವರೆಲ್ಲ ನಗ್ತಾರೆ."

"ನಗಲಿ ಅತ್ತೆ. ಬಂದಾಗಿನಿಂದ ನಗ್ತಾನೇ ಇದಾರಲ್ಲ, ಇವತ್ತು ನಗೋದಕ್ಕೆ ಒಂದು ಕಾರಣ ಆದ್ರೂ ಸಿಗಲಿ."

ಅವರು ದಾರಿ ಬಿಟ್ಟರು. ಅರ್ಧ ದಾರಿಗೆ ಹೋದಾಗ ಹಿಂದೆ ಹೆಜ್ಜೆ ಕೇಳಿತು. ತಿರುಗಿ ನೋಡಿದರೆ ನಿಮ್ಮಮ್ಮ, ಭಾನುವಾರದ ಟೋಪಿ ಇಟ್ಟುಕೊಂಡು ಬರುತ್ತಿದ್ದಾರೆ! ನನ್ನನ್ನು ತಡೆಯಲು ಬಂದರೆಂದುಕೊಂಡೆ. ಶಾಲೆಯ ಬಾಗಿಲಲ್ಲಿ ನನ್ನನ್ನು ಪಕ್ಕಕ್ಕೆ ಸರಿಸಿ ಅವರೇ ಒಳಗೆ ನುಗ್ಗಿದರು.

"ಆರ್ನಾಲ್ಡ್, ನಿನ್ನ ಮೂಗು ಒರೆಸಿದವಳು ನಾನು. ನೆನಪಿದೆಯಾ? ನನ್ನ ಮೊಮ್ಮಗ 'ಏನು' ಅಂದ. ನಿನಗೆ ಉತ್ತರ ಗೊತ್ತಿದ್ರೆ ಹೇಳು. ಗೊತ್ತಿಲ್ದೇ ಹೋದ್ರೆ 'ಗೊತ್ತಿಲ್ಲ' ಅನ್ನು. ಅದಕ್ಕೆ ಪಟ್ಟಿ ಯಾಕೆ?"

ಆ ದಪ್ಪ ಮನುಷ್ಯ ಕುರ್ಚಿಯಿಂದ ಎದ್ದು, "ಮಿಸ್ ಯುಫೀಮಿಯಾ, ಶಿಸ್ತು ಅನ್ನೋದು…" ಎಂದು ಶುರು ಮಾಡಿದ.

"ಶಿಸ್ತು ನನ್ನ ಮನೇಲಿದೆ. ನಿನಗೆ ಬೇಕಿದ್ರೆ ಸಂಜೆ ಬಾ, ಸ್ವಲ್ಪ ಕೊಟ್ಟು ಕಳಿಸ್ತೀನಿ."

ವಾಪಸ್ಸು ಬರುವಾಗ ನಾನು 'ಥ್ಯಾಂಕ್ಸ್' ಎಂದೆ. "ನಿನಗೋಸ್ಕರ ಅಲ್ಲ" ಎಂದರು. ಮನೆಗೆ ಬಂದ ಮೇಲೆ ಒಂದು ಬಕೆಟ್ಟು ಹೆಚ್ಚಿಗೆ ನೀರು ಎತ್ತಿದೆ. ಕೆಮ್ಮು ಕೇಳಲಿಲ್ಲ.

ಇದನ್ನೆಲ್ಲ ನಿನ್ನನ್ನು ನಗಿಸಲು ಬರೆಯುತ್ತಿಲ್ಲ. ಆ ಬಾಗಿಲಲ್ಲಿ ನಿಲ್ಲಬೇಕಾದವನು ನೀನು. ನಿನ್ನ ಊರು, ನಿನ್ನ ಶಾಲೆ, ನಿನಗೆ ಹೊಡೆದ ಪಟ್ಟಿ. ನಾನು ಇಲ್ಲಿ ಇನ್ನೊಬ್ಬರ ಕನಸನ್ನು ಕಾಯುವ ವಾಚ್‌ಮನ್ ಆಗಿದ್ದೇನೆ.

ಚಿಕಿತ್ಸಾಲಯದಲ್ಲಿ ನರ್ಸ್ ಕೆಲಸಕ್ಕೆ ಕರೆದಿದ್ದಾರೆ. ಬರುವ ಸೋಮವಾರದಿಂದ ಹೋಗುತ್ತೇನೆ. ನಿನ್ನನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ನಿನ್ನ
ಮರ್ಲ್


ಲೆಸ್ಟೆರ್
22 ಡಿಸೆಂಬರ್ 1987

ಆಷ್ಟನ್,

ಶನಿವಾರ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ನೀನು ಅಲ್ಲಿ ಇರಲಿಲ್ಲವಲ್ಲ, ಪೂರ್ತಿ ಓದು.

ನಿಮ್ಮಮ್ಮ ಮೇಕೆ ಕಡಿಸಿದರು. ಹಬ್ಬದ ಕಪ್ಪು ಕೇಕು ಮಾಡಿದರು. ನಾನು ಗುಂಗುರು ಕೂದಲನ್ನು ಒತ್ತಿಸಿ ನೇರ ಮಾಡಿಸಿಕೊಂಡೆ, ಹಳದಿ ಫ್ರಾಕು ಹಾಕಿಕೊಂಡೆ. ನಗು ಬಂದರೆ ನಗು. ಮೂರು ತಿಂಗಳು ನಿನ್ನನ್ನು ಬೈದವಳು ನಾನು, ಹಳದಿ ಫ್ರಾಕು ಹಾಕಿಕೊಂಡೆ. ಲೋರ್ನಾ ಕೂಡ ಬಂದಳು, ಯಾರೂ ಕರೆಯದೆ. ನಿನ್ನ ಚಿಕ್ಕಪ್ಪನ ಮಗ ರಾಂಡಲ್ ತನ್ನ ವ್ಯಾನಿನಲ್ಲಿ ನಮ್ಮನ್ನೆಲ್ಲ ತುಂಬಿಕೊಂಡು ಹಿಲ್ಸ್‌ಬರೋ ಬಂದರಿಗೆ ಕರೆದೊಯ್ದ.

ದೋಣಿ ಬಂತು. ಸಿಮೆಂಟಿನ ಚೀಲ ಇಳಿದವು, ಹಿಟ್ಟಿನ ಮೂಟೆ ಇಳಿದವು, ಜನ ಇಳಿದರು, ತಬ್ಬಿಕೊಂಡರು, ಅತ್ತರು. ಡೆಸ್ಮಂಡ್ ಪ್ರತಿಯೊಬ್ಬ ಎತ್ತರದ ಗಂಡಸಿಗೂ "ಅಪ್ಪಾ" ಎಂದು ಕೂಗಿದ. ಕೊನೆಗೆ ಇಳಿದವರು ಕ್ಲಬ್ಬಿನಲ್ಲಿ ನಿನ್ನ ಜೊತೆ ಡೊಮಿನೋ ಆಡುವ ಗೆಳೆಯ ಹಾರ್ಟ್ಲಿ. ಅವರ ಕಂಕುಳಲ್ಲಿ ಒಂದು ಪೊಟ್ಟಣ.

"ಮರ್ಲ್! ಆಷ್ಟನ್ ಇದನ್ನ ಕೊಟ್ಟು ಕಳಿಸಿದಾನೆ. ಬಸ್ ಸ್ಟ್ಯಾಂಡಿನ ತನಕ ಬಂದು ನನ್ನನ್ನ ಹತ್ತಿಸಿ ಹೋದ, ಪಾಪ."

"ಅವನು ಹಿಂದೆ ಬರೋ ದೋಣೀಲಿ ಬರ್ತಾನಾ?" ಎಂದು ನಿಮ್ಮಮ್ಮ ಕೇಳಿದರು.

"ಇಲ್ವಲ್ಲ, ಹಬ್ಬದ ಡ್ಯೂಟಿ ಅವನೇ ಕೇಳಿ ಹಾಕಿಸ್ಕೊಂಡಿದಾನೆ. ನಿಮಗೆ ಹೇಳಿಲ್ವಾ?"

"ಮನೆ ಮಾರಾಟ ಏನಾಯ್ತು?" ಇದು ನಾನು.

ಹಾರ್ಟ್ಲಿ ನನ್ನ ಮುಖ ನೋಡಿದರು, ನಿಮ್ಮಮ್ಮನ ಮುಖ ನೋಡಿದರು. "ಯಾವ ಮಾರಾಟ? ಹೋದ ತಿಂಗಳು ಮುಂದಿನ ಕೋಣೆಗೆ ಹೊಸ ಕಾರ್ಪೆಟ್ ಹಾಕಿಸಿದ್ನಲ್ಲ…"

ಅಷ್ಟು ಹೇಳಿ ಪೊಟ್ಟಣವನ್ನು ನನ್ನ ಕೈಗಿಟ್ಟರು. ಬಂದರಿನಲ್ಲಿದ್ದ ಅರ್ಧ ಊರು ಇದನ್ನೆಲ್ಲ ಕೇಳಿಸಿಕೊಂಡಿತು.

ಕಾರ್ಪೆಟ್, ಆಷ್ಟನ್. ಮಾರುವ ಮನೆಗೆ ಯಾರೂ ಕಾರ್ಪೆಟ್ ಹಾಕಿಸುವುದಿಲ್ಲ.

ಪೊಟ್ಟಣದಲ್ಲಿ ಆಟದ ಬಸ್ಸು, ಒಂದು ಟ್ರಾನ್ಸಿಸ್ಟರು, ನನಗೊಂದು ಕೈಚೀಲ ಇದ್ದವು. ಬರುವುದಿಲ್ಲವೆಂದು ಗೊತ್ತಿದ್ದೇ ನೀನು ಕಾಗದ ಸುತ್ತಿ, ದಾರ ಕಟ್ಟಿ, ಮೇಲೆ ಮಕ್ಕಳ ಹೆಸರು ಬರೆದೆ. ಎರಡು ಸಾಲಿನ ಕಾಗದ ಬರೆಯಲು ನಿನ್ನ ಕೈಗೆ ಆಗಲಿಲ್ಲ. ಡೆಸ್ಮಂಡ್ ದೋಣಿ ಹತ್ತಿ ಒಳಗೆಲ್ಲ ಹುಡುಕಿ ಬಂದ, ಮೂಟೆಗಳ ಹಿಂದೆ ಕೂಡ. ನೀನು ಅಡಗಿಕೊಂಡು ಆಟ ಆಡುತ್ತಿದ್ದೀಯೆಂದು ಅವನ ಲೆಕ್ಕ.

ಮನೆಗೆ ಬಂದು ನಿಮ್ಮಮ್ಮ ಟೋಪಿ ತೆಗೆಯದೆ ಕೂತೇ ಇದ್ದರು. ಆಮೇಲೆ ಎದ್ದು ಎಲ್ಲರಿಗೂ ಬಡಿಸಿದರು. "ತಿನ್ನಿ. ಮೇಕೆ ಏನು ತಪ್ಪು ಮಾಡಿದೆ?"

ಏನು ನಡೆಯುತ್ತಿದೆ ಬರೆ. ಈ ಸಲ ತಮಾಷೆ ಬೇಡ.

ಮರ್ಲ್


ಹಡ್ಡರ್ಸ್‌ಫೀಲ್ಡ್
11 ಜನವರಿ 1988

ಮರ್ಲ್,

ಬೇರೆ ಹೆಂಗಸು ಇದ್ದಾಳೆಂದು ನೀನು ಅಂದುಕೊಂಡಿರಬಹುದು. ಇಲ್ಲ. ಇದ್ದಿದ್ದರೆ ಹೇಳುವುದು ಸುಲಭವಾಗುತ್ತಿತ್ತು.

ಎರಡು ವರ್ಷದ ಹಿಂದೆ ಅಪ್ಪನ ಸಮಾಧಿಗೆ ಕಲ್ಲು ನಿಲ್ಲಿಸುವ ಊಟಕ್ಕೆಂದು ನಾನೊಬ್ಬನೇ ಅಲ್ಲಿಗೆ ಹೋಗಿದ್ದೆನಲ್ಲ. ಬಂದು ನಿಮಗೆಲ್ಲ ಡೋಲು, ಕುಣಿತ, ಮೀನು ಎಂದೆಲ್ಲ ಹೇಳಿದೆ. ಒಂದು ವಿಷಯ ಹೇಳಲಿಲ್ಲ. ರಾಂಡಲ್ ಜೊತೆ ದೋಣಿಯಲ್ಲಿ ಹೋದೆ. ಹದಿನೇಳು ವರ್ಷದವರೆಗೆ ಅದೇ ನೀರಿನಲ್ಲಿ ಬೆಳೆದವನು ನಾನು. ನನಗೆ ಹಗ್ಗ ಹಿಡಿಯಲು ಬರಲಿಲ್ಲ. ವಾಂತಿ ಮಾಡಿದೆ. ದಡಕ್ಕೆ ಬಂದಾಗ ಅವನು ಎಲ್ಲರೆದುರು, "ಟೂರಿಸ್ಟನನ್ನ ಇಳಿಸಿಕೊಳ್ರಪ್ಪಾ, ಹುಷಾರು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇಲ್ಲಿ ಬಸ್ಸು ಹತ್ತುವವರಿಗೆಲ್ಲ ನನ್ನ ಹೆಸರು ಗೊತ್ತು. ಡೊಮಿನೋ ಕ್ಲಬ್ಬಿನಲ್ಲಿ ನಾನು ಕ್ಯಾಪ್ಟನ್. ಅಲ್ಲಿ ನಾನು ಯಾರು? ಇಪ್ಪತ್ತು ವರ್ಷ 'ನಾನು ಊರಿಗೆ ವಾಪಸ್ಸು ಹೋಗುವವನು' ಎಂದು ಎಲ್ಲರ ಬಳಿ ಹೇಳಿಕೊಂಡು ತಿರುಗಿದೆ. ಹಿಂದೆ ಸರಿಯಲೂ ಆಗಲಿಲ್ಲ, ಬರಲೂ ಆಗುತ್ತಿಲ್ಲ. ನೀವು ಮೊದಲು ಹೋದರೆ ಆಮೇಲೆ ಧೈರ್ಯ ತಾನಾಗಿಯೇ ಬರುತ್ತದೆ ಅಂದುಕೊಂಡೆ.

ಆದರೆ ಒಂದು ಮಾತು. ಹದಿನೈದು ವರ್ಷ ನೀನು ನನ್ನ ಊರನ್ನು ಆಡಿಕೊಂಡೆ. 'ನೀರಿನ ನಡುವಿನ ನಿನ್ನ ಬಂಡೆ' ಎಂದೆ. ಈಗ ನನ್ನ ತಾಯಿಯ ಮನೆಯಲ್ಲಿ ಕೂತು, ಅವಳ ಅನ್ನ ಉಂಡು, ನನಗೆ ವಾಚ್‌ಮನ್ ಗೀಚ್‌ಮನ್ ಎಂದು ಬರೆಯುತ್ತೀಯ. ನನಗೂ ಸಿಟ್ಟು ಬರುತ್ತದೆ. ನಾನೇನು ಕೊಲೆ ಮಾಡಿಲ್ಲ. ಹೆದರಿದ್ದೇನೆ, ಅಷ್ಟೇ.

ಆಷ್ಟನ್


ಲೆಸ್ಟೆರ್
14 ಫೆಬ್ರವರಿ 1988

ಅಪ್ಪಾ,

ಅಜ್ಜಿಗೆ ಕಣ್ಣು ಸರಿಯಾಗಿ ಕಾಣಲ್ಲ. ಅವರು ಹೇಳ್ತಾರೆ, ನಾನು ಬರೀತೀನಿ. ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕಂತೆ. ಲೋರ್ನಾ.

ಲೋ ಆಷ್ಟನ್. ನಿನ್ನ ಹೆಂಡತಿ ನಿನ್ನ ಕಾಗದ ನನಗೆ ಓದಿ ಹೇಳಲಿಲ್ಲ. ನಾನೇ ಕೇಳಿದೆ. ಆಗಲೂ ಓದಲಿಲ್ಲ. ಆಮೇಲೆ ಒಲೆ ಮುಂದೆ ಕೂತು ಅಳ್ತಿದ್ಲು, ಆಗ ಕಿತ್ಕೊಂಡು ಲೋರ್ನಾ ಕೈಲಿ ಓದಿಸಿದೆ.

ಅವಳು ನನ್ನ ಅನ್ನ ಉಣ್ತಾ ಇದಾಳೆ ಅಂತ ಬರೆದಿದೀಯ. ನಾಚಿಕೆ ಆಗ್ಬೇಕು. ಈ ಮನೇಲಿ ಈಗ ಯಾರ ಅನ್ನ ಯಾರು ಉಣ್ತಾರೆ ಅನ್ನೋದನ್ನ ನೋಡಿದವಳು ನಾನು. ನನ್ನ ಕಾಲಿನ ಹುಣ್ಣು ತೊಳೆಯೋಳು ಅವಳು. ನಾನು ಅವಳನ್ನ ಬೈತೀನಿ, ಅವಳು ನನ್ನನ್ನ ಬೈತಾಳೆ, ಅದು ನಮ್ಮಿಬ್ಬರ ವ್ಯವಹಾರ. ನೀನು ಮಧ್ಯೆ ಬರಬೇಡ.

ಜನ ನಕ್ರು ಅಂತೀಯ. ನಕ್ರು. ನಿಮ್ಮಪ್ಪ ಸಾಯೋ ತನಕ ಅವನ ನಡಿಗೆ ನೋಡಿ ನಗ್ತಿದ್ರು. ನನ್ನ ಟೋಪಿ ನೋಡಿ ಈಗ್ಲೂ ನಗ್ತಾರೆ. ರಾಂಡಲ್ ಮೊನ್ನೆ ತನ್ನ ದೋಣೀಗೆ ತಾನೇ ಬಣ್ಣ ಹೊಡೀತಾ ಅದರ ಮೇಲೇ ಕೂತುಬಿಟ್ಟ, ಊರೆಲ್ಲ ಮೂರು ದಿನ ನಕ್ತು. ಅದಕ್ಕೇನು ಅವನು ಇಂಗ್ಲೆಂಡಿಗೆ ಓಡಿಹೋದ್ನಾ?

ನಿನಗೆ ಭಯ ಆದ್ರೆ ನನಗೆ ಹೇಳ್ಬೇಕಿತ್ತು. ನಾನು ಹೆತ್ತವಳು. ನೀರು ಎಷ್ಟು ಆಳ ಇದೆ ನೋಡೋದಕ್ಕೆ ಹೆಂಡ್ತಿ ಮಕ್ಕಳನ್ನ ಇಳಿಸಿ ನೀನು ದಡದಲ್ಲಿ ನಿಂತಿದೀಯ. ನಾನು ಅಂಥವನನ್ನ

(ಅಪ್ಪಾ, ಇಲ್ಲಿ ಅಜ್ಜಿ ಒಂದು ಮಾತು ಅಂದ್ರು. ಅದನ್ನ ಬರೆಯಲ್ಲ ಅಂದೆ. ಬರಿ ಅಂತ ಜಗಳ ಆಡ್ತಿದಾರೆ.)

ಸರಿ, ಅದನ್ನ ಬಿಡು. ಅಷ್ಟೇ. ನಿಮ್ಮಮ್ಮ, ಯುಫೀಮಿಯಾ ಕ್ವಾಶಿ.

ಅಪ್ಪಾ, ಅಜ್ಜಿ ಒಳಗೆ ಹೋದ್ರು. ಇದು ನಂದು. ಸುಗ್ಗಿ ಮುಗೀತು ಅಂತ ಇಲ್ಲಿ ಮೇಕೆಗಳನ್ನೆಲ್ಲ ಹಗ್ಗ ಬಿಚ್ಚಿ ಬಿಡ್ತಾರೆ. ಒಂದು ಮೇಕೆ ನನ್ನ ಯೂನಿಫಾರಂ ಲಂಗ ತಿಂತು. ಅರ್ಧ ಲಂಗದಲ್ಲಿ ಶಾಲೆಗೆ ಹೋದೆ. ಹುಡುಗೀರು ನಕ್ರು. ನನಗೂ ನಗು ಬಂತು. ಸೆಪ್ಟೆಂಬರಿಂದ ಅದೇ ಮೊದಲ ಸಲ.

ನೀನು ದೋಣಿ ಕಲಿಸ್ತೀನಿ ಅಂದಿದ್ದೆ. ರಾಂಡಲ್ ಚಿಕ್ಕಪ್ಪ ಕಲಿಸಿದ್ರು. ನಿನಗೇ ಹಗ್ಗ ಹಿಡಿಯೋಕೆ ಬರಲ್ಲ ಅಂತ ಕಾಗದ ಓದುವಾಗ ಗೊತ್ತಾಯ್ತು. ನಿನ್ನ ಮೇಲೆ ಸಿಟ್ಟಿರೋದು ಅದಕ್ಕಲ್ಲ. ನನ್ನನ್ನ ಇಲ್ಲಿಗೆ ಕಳಿಸುವಾಗ ನಾನು ಅತ್ತೆ, ಆಗ ನೀನು "ಧೈರ್ಯ ಬೇಕು ಮಗಳೇ" ಅಂದೆ. ಅದಕ್ಕೆ.

ಲೋರ್ನಾ


ಹಡ್ಡರ್ಸ್‌ಫೀಲ್ಡ್
7 ಮಾರ್ಚ್ 1988

ಮರ್ಲ್,

ಎಲ್ಲ ಸರಿಮಾಡುತ್ತೇನೆ. ಏಪ್ರಿಲ್ ಕೊನೆಗೆ ನಿಮ್ಮ ಮೂವರಿಗೂ ವಾಪಸ್ಸು ಟಿಕೆಟ್ ಮಾಡಿಸಿದ್ದೇನೆ. ಲೋರ್ನಾಗೆ ಹಳೆಯ ಶಾಲೆಯಲ್ಲಿ ಸೀಟು ಕೇಳಿದ್ದೇನೆ, ಒಪ್ಪಿದ್ದಾರೆ. ನಿನ್ನ ಆಸ್ಪತ್ರೆಯ ಮೇಟ್ರನ್ ಬಸ್ಸಿನಲ್ಲಿ ಸಿಕ್ಕಿದ್ದರು, ಅವರಿಗೂ ಹೇಳಿದೆ. ಕೆಟ್ಟ ವರ್ಷವೊಂದು ಕಳೆಯಿತು ಅಂದುಕೊಳ್ಳೋಣ. ಮನೆ ಇದ್ದ ಹಾಗೇ ಇದೆ. ನಿನ್ನ ಚಪ್ಪಲಿ ಕೂಡ ಬಾಗಿಲ ಬಳಿಯೇ ಇವೆ.

ಬಾ.

ನಿನ್ನ
ಆಷ್ಟನ್


ಲೆಸ್ಟೆರ್
3 ಏಪ್ರಿಲ್ 1988

ಆಷ್ಟನ್,

ನೀನು ಶಾಲೆಯನ್ನು ಕೇಳಿದೆ. ಮೇಟ್ರನ್ನರಿಗೆ ಹೇಳಿದೆ. ವಿಮಾನದವರನ್ನು ಕೇಳಿದೆ. ನನ್ನನ್ನು ಕೇಳಿದೆಯಾ? ಮೊದಲು ಹೀಗೆಯೇ ನಮ್ಮನ್ನು ಪ್ಯಾಕ್ ಮಾಡಿ ಇಲ್ಲಿಗೆ ಕಳಿಸಿದೆ. ಈಗ ಹೀಗೆಯೇ ಪ್ಯಾಕ್ ಮಾಡಿ ವಾಪಸ್ಸು ತರಿಸಿಕೊಳ್ಳುತ್ತೀಯ. ನಾವೇನು ಅಂಗಡಿ ಸಾಮಾನೇ, ಹಿಡಿಸದಿದ್ದರೆ ಮರಳಿಸಲು?

ತೊಟ್ಟಿಯ ತಳ ಕಾಣುತ್ತಿದೆ. ಮಳೆಗೆ ಇನ್ನೂ ಎರಡು ತಿಂಗಳು. ನನಗೆ ಈ ಊರು ಕಂಡರೆ ಪ್ರೀತಿ ಉಕ್ಕುತ್ತದೆಂದು ತಿಳಿಯಬೇಡ. ಸೊಳ್ಳೆ, ಧೂಳು, ನನ್ನ ಔಷಧಿಯ ಚೀಟಿಯನ್ನು ಊರಿಗೆಲ್ಲ ಓದಿ ಹೇಳುವ ಅಂಗಡಿಯವಳು, ಎಲ್ಲದರ ಮೇಲೂ ನನಗೆ ದಿನಾ ಸಿಟ್ಟು. ನಿನ್ನ ಕಾಗದ ಬಂದ ದಿನ ಟಿಕೆಟ್ಟು ಎಂಬ ಪದವನ್ನು ಮತ್ತೆ ಮತ್ತೆ ಓದಿದೆ, ಸುಳ್ಳು ಹೇಳುವುದಿಲ್ಲ. ಒಂದು ಸಂಜೆಯ ಮಟ್ಟಿಗೆ ನಾನು ಹೊರಟೇಬಿಟ್ಟಿದ್ದೆ.

ಆಮೇಲೆ ನೀನು ಮಾಡದ ಕೆಲಸ ಮಾಡಿದೆ. ಮಕ್ಕಳನ್ನು ಕೂರಿಸಿ ಕೇಳಿದೆ.

ಲೋರ್ನಾ ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಉಗುರು ಕಚ್ಚಿದಳು.

"ಅಲ್ಲಿ ನನ್ನ ಗೆಳತಿಯರಿಗೆಲ್ಲ ಬೇರೆ ಗೆಳತಿಯರು ಆಗಿರ್ತಾರೆ" ಎಂದಳು. "ಇಲ್ಲಿ ಈಗಷ್ಟೇ ಎರಡು ಜನ ನನ್ನ ಹೆಸರು ಹಿಡಿದು ಕರೀತಾರೆ, ರೇಡಿಯೋ ಅನ್ನಲ್ಲ. ಅಮ್ಮಾ, ಇನ್ನೊಂದು ಸಲ ಹೊಸ ಹುಡುಗಿ ಆಗೋಕೆ ನನ್ನ ಕೈಲಿ ಆಗಲ್ಲ. ಯಾವ ಊರಲ್ಲೂ."

ಅಷ್ಟೇ. ಇಷ್ಟವೆಂದೂ ಅಲ್ಲ, ಕಷ್ಟವೆಂದೂ ಅಲ್ಲ. ಎರಡನೇ ಸಲ ಬೇರು ಕೀಳಬೇಡ ಎಂದಳು. ಅವಳ ಹಾಗೆಯೇ ನಾನೂ ದೇಶ ಬದಲಿಸಿದವಳು, ಆರನೇ ವಯಸ್ಸಿಗೆ. ಅವಳಿಗೆ ಇಲ್ಲವೆನ್ನುವ ಬಾಯಿ ನನಗಿಲ್ಲ. ನಾವು ಇಲ್ಲೇ ಇರುತ್ತೇವೆ. ಟಿಕೆಟ್ ರದ್ದು ಮಾಡು.

ಡೆಸ್ಮಂಡ್ ಉತ್ತರ ಹೇಳಲಿಲ್ಲ, ಪ್ರಶ್ನೆ ಕೇಳಿದ. "ಅಪ್ಪ ಬರ್ತಾನೋ ಇಲ್ವೋ, ಮೊದಲು ಅದನ್ನ ಹೇಳು." ನನಗೆ ಗೊತ್ತಿಲ್ಲ ಎಂದೆ. ನಿನಗೆ ಗೊತ್ತಿರಬೇಕು. ಅವನಿಗೆ ಬರೆ. ನನಗಲ್ಲ, ಅವನಿಗೆ. ಹೌದು ಎಂದಾದರೆ ಹೌದು, ಇಲ್ಲ ಎಂದಾದರೆ ಇಲ್ಲ. ಕಾರ್ಪೆಟ್ಟು, ಡ್ಯೂಟಿ, ಅಡುಗೆಮನೆ ಯಾವುದೂ ಬೇಡ.

ಮರ್ಲ್


ಹಡ್ಡರ್ಸ್‌ಫೀಲ್ಡ್
1 ಮೇ 1988

ಡೆಸ್ಮಂಡ್ ಮರಿ,

ಇದು ನಿನ್ನ ಕಾಗದ. ನೀನೇ ಓದಿಕೊ. ಕಷ್ಟದ ಪದ ಹಾಕಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ. ಅಲ್ಲೇ ಇದ್ದುಬಿಡಲು ನಾನು ಬರುವುದಿಲ್ಲ. ಬರುತ್ತೇನೆ ಎಂದದ್ದು ಸುಳ್ಳು. ನೀನು ಏನೂ ತಪ್ಪು ಮಾಡಿಲ್ಲ. ಅಮ್ಮ, ಅಕ್ಕ ಕೂಡ ಮಾಡಿಲ್ಲ. ನನಗೆ ಅಲ್ಲಿ ಬದುಕಲು ಭಯ. ದೊಡ್ಡವರಿಗೂ ಭಯ ಆಗುತ್ತದೆ.

ಆಗಸ್ಟಿನಲ್ಲಿ ರಜೆ ಹಾಕಿ ನಿನ್ನನ್ನು ನೋಡಲು ಬರಲೇ? ನೀನು ಬೇಡ ಎಂದರೆ ಬರುವುದಿಲ್ಲ.

ಅಪ್ಪ


ಲೆಸ್ಟೆರ್
29 ಮೇ 1988

ಆಷ್ಟನ್,

ನಿನ್ನ ಕಾಗದವನ್ನು ಡೆಸ್ಮಂಡ್ ಮೆಟ್ಟಿಲ ಮೇಲೆ ಕೂತು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದ. ನಾನು ಸಹಾಯ ಮಾಡಲು ಹೋದೆ, "ನನ್ನ ಕಾಗದ" ಎಂದು ಮರೆಮಾಡಿಕೊಂಡ. ಮುಗಿಸಿದವನು ಒಳಗೆ ಬಂದು ಕೇಳಿದ.

"ಅಪ್ಪನಿಗೆ ಭಯಾನಾ?"

"ಹೂಂ."

"ಮೊದಲೇ ಭಯ ಇತ್ತಾ? ನಾವು ವಿಮಾನ ಹತ್ತುವಾಗಲೂ?"

"ಆಗಲೂ ಇತ್ತು."

ಅವನು ಕಾಗದವನ್ನು ಮಡಿಸಿದ. ಹುಬ್ಬು ಗಂಟಿಕ್ಕಿತ್ತು, ಆದರೆ ಅಳಲಿಲ್ಲ. ಅವನಿಗೆ ಇಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. ಥೇಟು ನಿಮ್ಮಮ್ಮ.

"ಮತ್ತೆ ಮೊದಲೇ ಹೇಳ್ಬಹುದಿತ್ತಲ್ವಾ? ನನಗೂ ಭಯ ಇತ್ತು. ಇಬ್ಬರೂ ಒಟ್ಟಿಗೆ ಬರ್ತಿದ್ವಿ."

ಇದು ನಿನಗೆ ಕೇಳಿದ ಪ್ರಶ್ನೆ. ನೀನೇ ಬಂದು ಹೇಳು. ಆಗಸ್ಟಿಗೆ ಬರಬಹುದಂತೆ, ಅವನು ಒಪ್ಪಿದ್ದಾನೆ. ಆದರೆ ಬಾಯಿಬಿಟ್ಟು ಅವನೊಡನೆ ಮಾತಾಡಬೇಕಂತೆ, ಆಟದ ಸಾಮಾನು ತರಬಾರದಂತೆ.

ಮರ್ಲ್